ರಣರಂಗದ ಪಾಠ

ದಡದ ಮೇಲೆ ನಿಂತು ಎಷ್ಟು ಕಾಲ ಕೈಕಾಲು ಬಡಿದರೂ ನೀರಿಗೆ ಇಳಿಯದೆ ಈಜು ಬಾರದು. ಯುದ್ಧವಿದ್ಯೆಗೂ ಈ ಮಾತು ಸಲ್ಲುವುದೆ? ಶಿಕ್ಷಣವೊಂದರಿಂದಲೇ ನಿಜವಾದ ಯೋಧನು ರೂಪುಗೊಳ್ಳಬಲ್ಲನೆ? ಹದಿನೆಂಟನೆಯ ಶತಮಾನದಲ್ಲಿ ಪ್ರಷ್ಯ ರಾಜ್ಯವನ್ನಾಳಿದ ಎರಡನೆಯ ಫ್ರೆಡರಿಕನ ಜೀವನವು ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತದೆ.

ಫ್ರೆಡರಿಕನು 1712ರ ಜನವರಿ 24ರಂದು ಬರ್ಲಿನ್ ನಗರದಲ್ಲಿ ಜನಿಸಿದನು. ತಂದೆ ಫ್ರೆಡರಿಕ್ ವಿಲಿಯಮ್ಮನಿಗೆ ಸೈನ್ಯವೇ ಸರ್ವಸ್ವವಾಗಿತ್ತು. ಅವನು ಸುಮಾರು 40,000 ಇದ್ದ ಸೈನಿಕರ ಸಂಖ್ಯೆಯನ್ನು 80,000ಕ್ಕೆ ಏರಿಸಿದನು. ಸೈನಿಕರು ದಿನವೂ ಕವಾಯತು ಮಾಡುತ್ತಿದ್ದರು; ಸಾಲು ಕೆಡದಂತೆ ನಡೆಯುವುದನ್ನೂ, ಬಂದೂಕಿಗೆ ಬೇಗ ಬೇಗನೆ ಮದ್ದು ತುಂಬಿ ಹಾರಿಸುವುದನ್ನೂ ಅಭ್ಯಾಸ ಮಾಡುತ್ತಿದ್ದರು. ಆದರೆ 1715ರ ಅನಂತರ ಆ ಸೈನ್ಯವು ದೊಡ್ಡ ಕದನವೊಂದನ್ನೂ ಕಂಡಿರಲಿಲ್ಲ.

ರಾಜಕುಮಾರನಿಗೆ ಕೊಳಲು, ಫ್ರೆಂಚ್ ಗ್ರಂಥಗಳು ಪ್ರಿಯವಾಗಿದ್ದವು. ತಂದೆಯ ಕಾಠಿಣ್ಯವನ್ನು ತಾಳಲಾರದೆ 1730ರಲ್ಲಿ ಅವನು ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದನು. ಅವನಿಗೆ ನೆರವಾದ ಗೆಳೆಯ ಕಾಟೆಯ ಶಿರಚ್ಛೇದವು, ಅವನು ಸೆರೆಯಲ್ಲಿದ್ದ ಕೋಟೆಯಲ್ಲಿಯೇ ನಡೆಯಿತು. ಮುಂದೆ ರಾಜಕುಮಾರನು ತಂದೆಯ ಇಚ್ಛೆಗೆ ತಲೆಬಾಗಿದನು. ದಳವೊಂದರ ಅಧಿಪತಿಯಾಗಿ ಕವಾಯತಿನ ಸಕಲ ಮರ್ಮಗಳನ್ನೂ ಅರಿತನು. ಯುದ್ಧಶಾಸ್ತ್ರದ ಗ್ರಂಥಗಳನ್ನು ಓದಿದನು. 1734ರಲ್ಲಿ ರೈನ್ ನದಿಯ ತೀರದ ಸೇನಾ ಶಿಬಿರಕ್ಕೂ ಹೋಗಿಬಂದನು. ಆದರೆ ಅಲ್ಲಿ ಮಹಾಕದನ ನಡೆಯಲಿಲ್ಲ.

1740ರಲ್ಲಿ ಫ್ರೆಡರಿಕನು ಪಟ್ಟಕ್ಕೆ ಬಂದನು. ಕೀರ್ತಿಯ ಹಂಬಲದಿಂದ ಅದೇ ವರ್ಷದ ಡಿಸೆಂಬರಿನಲ್ಲಿ ಆಸ್ಟ್ರಿಯದ ವಶದಲ್ಲಿದ್ದ ಸೈಲೀಸಿಯ ಪ್ರಾಂತ್ಯದ ಮೇಲೆ ದಂಡೆತ್ತಿ ಹೋದನು. 1741ರ ಏಪ್ರಿಲ್ 10ರಂದು ಮೋಲ್ವಿಟ್ಸ್ ಎಂಬ ಹಳ್ಳಿಯ ಬಳಿ, ಹಿಮ ಮುಸುಕಿದ ಬಯಲಿನಲ್ಲಿ ಎರಡು ಸೈನ್ಯಗಳೂ ಎದುರಾದವು. ಆಸ್ಟ್ರಿಯದ ಕುದುರೆ ಪಡೆ ಬಿರುಗಾಳಿಯಂತೆ ನುಗ್ಗಿ ಪ್ರಷ್ಯದ ರಾವುತರನ್ನು ಚದುರಿಸಿತು. ಗುಂಡುಗಳ ಗದ್ದಲದಲ್ಲಿ, ಓಡುವವರ ನಡುವೆ, ಯುವ ದೊರೆಗೆ ದಿಕ್ಕು ತೋಚಲಿಲ್ಲ. ಹಿರಿಯ ಸೇನಾನಿ ಶ್ವೆರಿನ್ ಅವನಿಗೆ ರಣರಂಗವನ್ನು ಬಿಟ್ಟುಹೋಗುವಂತೆ ಸಲಹೆಯಿತ್ತನು. ಎಲ್ಲವೂ ಮುಗಿಯಿತೆಂದು ಭಾವಿಸಿದ ಫ್ರೆಡರಿಕನು ಕುದುರೆಯೇರಿ ಹೊರಟನು. ರಾತ್ರಿ ಓಪ್ಪೆಲ್ನ್ ಊರಿನ ಬಾಗಿಲಲ್ಲಿ ಅವನು ವೈರಿಗಳ ಕೈಗೆ ಸಿಕ್ಕಿಬೀಳುವುದು ಸ್ವಲ್ಪದರಲ್ಲಿಯೇ ತಪ್ಪಿತು.

ಅತ್ತ ಕಾಲಾಳುಗಳು ಕದಲಲಿಲ್ಲ. ಅವರಲ್ಲಿ ಅನೇಕರಿಗೂ ಅದೇ ಮೊದಲ ಕದನ. ಆದರೂ ವರ್ಷಗಟ್ಟಲೆ ಕಲಿತದ್ದನ್ನು ಅವರ ಕೈಗಳು ಮರೆಯಲಿಲ್ಲ. ಬಂದೂಕಿನ ಮದ್ದನ್ನು ಜಡಿಯಲು ಅವರಲ್ಲಿ ಕಬ್ಬಿಣದ ಸಲಾಕೆಗಳಿದ್ದವು. ವೈರಿಗಳಿಗಿಂತ ಬೇಗನೆ ಗುಂಡು ಹಾರಿಸುತ್ತ, ಸಾಲುಗೂಡಿ ಮುನ್ನಡೆದು ಅವರು ಜಯ ಗಳಿಸಿದರು. ಎರಡೂ ಕಡೆ ಸೇರಿ ಸುಮಾರು 9,000 ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಕಾಣೆಯಾದರು. ಗೆಲುವಿನ ಸುದ್ದಿ ದೂರದಲ್ಲಿದ್ದ ದೊರೆಗೆ ಆಮೇಲೆ ತಲುಪಿತು. ಅವನಿಗೆ ಆ ಜಯವು ಹರ್ಷಕ್ಕಿಂತ ಹೆಚ್ಚಾಗಿ ನಾಚಿಕೆಯನ್ನೇ ತಂದಿತು.

ಫ್ರೆಡರಿಕನು ಆ ನಾಚಿಕೆಯನ್ನು ಪಾಠವಾಗಿ ಸ್ವೀಕರಿಸಿದನು. ತನ್ನ ತಪ್ಪುಗಳನ್ನು ತಾನೇ ಪರಿಶೀಲಿಸಿದನು. ಸೋತ ರಾವುತರಿಗೆ ಹೊಸದಾಗಿ ಶಿಕ್ಷಣ ಕೊಡಿಸಿದನು. ನಿಜವಾದ ಯುದ್ಧವನ್ನು ಹೋಲುವ ಅಣಕು ಕದನಗಳನ್ನು ನಡೆಸಿದನು. 1757ರ ಡಿಸೆಂಬರ್ 5ರಂದು ಲೋಯ್ಟೆನ್ ಎಂಬಲ್ಲಿ, ತನ್ನದಕ್ಕಿಂತ ಬಹಳ ದೊಡ್ಡದಾದ ಆಸ್ಟ್ರಿಯದ ಸೈನ್ಯವನ್ನು ಅವನು ಎದುರಿಸಿದನು. ಶಾಂತಿಕಾಲದ ಕವಾಯತುಗಳಿಂದ ಆ ನೆಲದ ಏರುತಗ್ಗು ಅವನಿಗೆ ಪರಿಚಿತವಾಗಿತ್ತು. ಸಣ್ಣ ಗುಡ್ಡಗಳ ಮರೆಯಲ್ಲಿ ಸೈನ್ಯವನ್ನು ನಡೆಸಿ, ವೈರಿಯ ಎಡಪಕ್ಕದ ಮೇಲೆ ಹಠಾತ್ತನೆ ಎರಗಿ ಗೆದ್ದನು. 1759ರಲ್ಲಿ ಕೂನರ್ಸ್‌ಡೋರ್ಫ್‌ನಲ್ಲಿ ಘೋರವಾಗಿ ಸೋತಾಗಲೂ, ಕುದುರೆಗಳು ಗುಂಡೇಟಿಗೆ ಉರುಳಿದರೂ, ಕಡೆಯವರೆಗೆ ರಣರಂಗದಲ್ಲಿಯೇ ನಿಂತನು.

ಫ್ರೆಡರಿಕನು 1786ರ ಆಗಸ್ಟ್ 17ರಂದು ತೀರಿಕೊಂಡನು. ಮೋಲ್ವಿಟ್ಸಿನ ಕಾಲಾಳುಗಳನ್ನು ಕಾಪಾಡಿದುದು ಶಿಕ್ಷಣ; ಅದಿಲ್ಲದಿದ್ದರೆ ಅಂದೇ ಸೋಲು ಖಚಿತವಾಗಿತ್ತು. ಆದರೆ ಗೊಂದಲದ ನಡುವೆ ಸ್ಥಿರಬುದ್ಧಿಯಿಂದ ನಿರ್ಧರಿಸುವ ಶಕ್ತಿಯನ್ನು ದೊರೆಗೆ ಯಾವ ಗ್ರಂಥವೂ ಯಾವ ಕವಾಯತೂ ಕೊಟ್ಟಿರಲಿಲ್ಲ. ಅದು ರಣರಂಗದಲ್ಲಿಯೇ ಲಭಿಸಿತು. ಆ ಪಾಠಕ್ಕೆ ತೆತ್ತ ಬೆಲೆ ಮಾತ್ರ ಸಾವಿರಾರು ಸಾಮಾನ್ಯ ಸೈನಿಕರ ಪ್ರಾಣವಾಗಿತ್ತೆಂಬುದನ್ನು ಮರೆಯಲಾಗದು.