ಕೋವಿಗೆ ತಕ್ಕ ತೋಟಾ: ಜಿಮ್ ಕಾರ್ಬೆಟ್ಟರ ಬಾಳು

ನರಭಕ್ಷಕ ಹುಲಿಗಳ ಬೇಟೆಯಿಂದ ಜಗದ್ವಿಖ್ಯಾತರಾದ ಜಿಮ್ ಕಾರ್ಬೆಟ್ಟರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಪೂರ್ಣಚಂದ್ರ ತೇಜಸ್ವಿಯವರ ಲೇಖನಿಯಿಂದ ಅವರ ಸಾಹಸಗಳು ನಮ್ಮ ನುಡಿಗೂ ಇಳಿದು ಬಂದಿವೆ. ಆದರೆ ಆ ಸಾಹಸದ ಹಿಂದಿದ್ದ ವಿವೇಕವನ್ನು, ಅಂದರೆ ಯಾವ ಕೆಲಸಕ್ಕೆ ಯಾವ ಕೋವಿ, ಯಾವ ಕೋವಿಗೆ ಯಾವ ತೋಟಾ ಎಂಬ ಎಣಿಕೆಯನ್ನು ಗಮನಿಸಿದವರು ಕಡಮೆ. ಅದನ್ನೇ ಇಂದು ಓದುಗರ ಮುಂದಿಡಬಯಸುತ್ತೇವೆ.

ಕಾರ್ಬೆಟ್ಟರು 1875ನೆಯ ಜುಲೈ 25ರಂದು ನೈನಿತಾಲದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಎಳೆಯ ಪ್ರಾಯದಲ್ಲಿ ರೈಲ್ವೆಯ ದುಡಿಮೆಗೆ ಇಳಿದರು. ಗಂಗಾತೀರದ ಮೊಕಾಮಾ ಘಾಟಿನಲ್ಲಿ ಸರಕು ಸಾಗಿಸುವ ಕಂತ್ರಾಟುದಾರರಾಗಿ ಇಪ್ಪತ್ತು ವರುಷಗಳಿಗೂ ಮಿಗಿಲಾಗಿ ಕೂಲಿಕಾರರ ನಡುವೆ ಬಾಳಿದರು. ಮೊದಲ ತಿಂಗಳುಗಳಲ್ಲಿ ರೈಲ್ವೆಯಿಂದ ಹಣ ಬಾರದೆ ಆಳುಗಳು ಅರೆಹೊಟ್ಟೆಯಲ್ಲಿದ್ದಾಗ ತಾವೂ ಅರೆಹೊಟ್ಟೆಯಲ್ಲಿದ್ದು, ಕೊನೆಗೆ ಕೆಲಸ ನಿಲ್ಲಿಸುವೆನೆಂದು ತಂತಿ ಕಳುಹಿಸಿ ಹಣ ತರಿಸಿದರು. ಊರು ಬಿಟ್ಟು ಬಂದು ದುಡಿಯುವ ನಮ್ಮವರಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

1907ರಲ್ಲಿ ಅವರು ಚಂಪಾವತದ ಹೆಣ್ಣು ಹುಲಿಯ ಬೆನ್ನು ಹತ್ತಿದರು. ಅದು ಕೊಂದವರ ಸಂಖ್ಯೆ 436 ಎಂದು ಲೆಕ್ಕ. ಕಾರ್ಬೆಟ್ಟರ ಕೈಯಲ್ಲಿದ್ದುದು ಐನೂರು ಅಳತೆಯ ಜೋಡು ನಳಿಗೆಯ ರೈಫಲ್. ಜೇಬಿನಲ್ಲಿದ್ದುದು ಮೂರೇ ತೋಟಾ. ಒಂದೆರಡು ಗುಂಡು ಹೊಡೆಯುವಷ್ಟೇ ಅವಕಾಶ ಸಿಕ್ಕೀತು, ಆಪತ್ತಿಗೆ ಮತ್ತೊಂದಿರಲಿ ಎಂದು ಅವರ ಎಣಿಕೆ. ಮೂರೂ ತೀರಿದುವು, ಹುಲಿ ಬೀಳಲಿಲ್ಲ. ಓಡಿಹೋಗಿ ತಹಶೀಲ್ದಾರರ ಹಳೆಯ ಕೋವಿಯನ್ನು ತಂದು, ಹುಲಿಯ ಬಾಯಿಗೆ ಗುರಿಯಿಟ್ಟರು. ಗುಂಡು ಮುಂಗಾಲಿಗೆ ತಗಲಿತು. ಮೊದಲಿನ ಪೆಟ್ಟುಗಳಿಂದಲೇ ಹುಲಿ ಸಾಯುತ್ತಿದ್ದುದು ಅವರ ಪುಣ್ಯ.

ಆ ರೈಫಲಿನ ತೋಟಾ ವಿಶೇಷವಾದುದು. ಹೊಗೆ ಕಾರುವ ಕರಿಮದ್ದಿನ ಕಾಲದ ನಳಿಗೆಗಳು ಹೊಸ ಕಾರ್ಡೈಟ್ ಮದ್ದಿನ ಪೂರ್ಣ ಒತ್ತಡವನ್ನು ತಾಳಲಾರವು. ಆದುದರಿಂದ ಅವುಗಳಿಗೆಂದು ಮದ್ದನ್ನು ತಗ್ಗಿಸಿ ತೋಟಾ ಮಾಡುತ್ತಿದ್ದರು. ಚಂಪಾವತದ ವಿಜಯಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಹೀವೆಟ್ಟರು ಬಹುಮಾನವಾಗಿತ್ತ 275 ಅಳತೆಯ ರಿಗ್ಬಿ ರೈಫಲ್ ಬೇರೆ ಜಾತಿಯದು. ಅದರ ಗುಂಡಿನ ತೂಕ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. ವೇಗ ಸೆಕೆಂಡಿಗೆ 2,700 ಅಡಿಗೂ ಮಿಗಿಲು. ಅವರ ಇನ್ನೊಂದು ಕೋವಿಯಾದ 450/400 ಜೆಫ್ರಿಯ ಗುಂಡು 400 ಗ್ರೇನ್, ಸುಮಾರು 26 ಗ್ರಾಂ. ವೇಗ 2,100 ಅಡಿಯ ಆಸುಪಾಸು. ವೇಗ ಹೆಚ್ಚಿದಷ್ಟೂ ಗುಂಡು ದೂರಕ್ಕೆ ಬಾಗದೆ ನೆಟ್ಟಗೆ ಹೋಗುತ್ತದೆ. ಆದರೆ ಎಲುಬು ಮುರಿದು ಆಳಕ್ಕಿಳಿಯಲು ತೂಕ ಬೇಕು. ಮೆದು ಮೂತಿಯ ಗುಂಡು ಹುಲಿಯ ಮೈಯಲ್ಲಿ ಅರಳಿ ಕೊಲ್ಲುತ್ತದೆ. ಆನೆಗೆ, ಕಾಟಿಗೆ ಲೋಹದ ಹೊದಿಕೆಯ ಗಟ್ಟಿ ಗುಂಡೇ ಬೇಕು. ದೋಸೆಯ ಕಾವು ಬೇರೆ, ಅನ್ನದ ಕಾವು ಬೇರೆಯೆಂಬುದನ್ನು ಬಲ್ಲ ಅಡಿಗೆಯವರಿಗೆ ಈ ಮಾತು ಸುಲಭವಾಗಿ ಹೊಳೆದೀತು.

1930ರಲ್ಲಿ ಚೌಗಢದ ಹುಲಿ ಕೆಲವೇ ಅಡಿಗಳ ದೂರದಲ್ಲಿ ಎದುರಾದಾಗ ಕಾರ್ಬೆಟ್ಟರ ಎಡಗೈಯಲ್ಲಿ ಹಕ್ಕಿಯ ಮೊಟ್ಟೆಗಳಿದ್ದುವು. ಒಂದೇ ಕೈಯಿಂದ ಮೆಲ್ಲನೆ ತಿರುಗಿಸಲು ಸಾಧ್ಯವಾದುದು ರೈಫಲ್ ಹಗುರವಾಗಿದ್ದುದರಿಂದ. 1938ರಲ್ಲಿ ಠಾಕಿನ ಹುಲಿಯನ್ನು ಹೊಡೆದಾಗ ಭಾರದ ಕೋವಿಯ ಒದೆತಕ್ಕೆ ಅವರು ಬಂಡೆಯಿಂದ ಜಾರಿ ಕೆಳಗಿದ್ದ ಆಳುಗಳ ಮೇಲೆ ಬಿದ್ದರು. ಹುಲಿ ಮಾತ್ರ ಉಳಿಯಲಿಲ್ಲ. ಒಂದೊಂದು ಕೋವಿಗೂ ಅದರದರ ಗುಣ, ಅದರದರ ದೋಷ.

ಈ ಎಣಿಕೆ ಬೇಟೆಗಾರನ ಶೋಕಿಯಲ್ಲ. ಚಂಪಾವತದ ಹುಲಿ ಸತ್ತ ಮೇಲೆ ನೋಡಿದರೆ, ಅದರ ಬಲಗಡೆಯ ಕೋರೆಹಲ್ಲುಗಳು ಹಿಂದೆಂದೋ ಗುಂಡು ತಗಲಿ ಮುರಿದಿದ್ದುವು. ಸಹಜ ಬೇಟೆ ಅಸಾಧ್ಯವಾಗಿ ಅದು ಮನುಷ್ಯರತ್ತ ತಿರುಗಿತು. ಯಾರದೋ ಒಂದು ಅರೆಬರೆ ಗುಂಡಿಗೆ ನೂರಾರು ಬಡಜನರು ತೆತ್ತ ಬೆಲೆ ಅದು.

ಬರಬರುತ್ತ ಕಾರ್ಬೆಟ್ಟರು ಕೋವಿಗಿಂತ ಕ್ಯಾಮರಾವನ್ನೇ ಮೆಚ್ಚಿದರು. 1936ರಲ್ಲಿ ಸ್ಥಾಪಿತವಾದ ವನ್ಯಮೃಗಧಾಮ ಇಂದು ಅವರ ಹೆಸರನ್ನೇ ಹೊತ್ತಿದೆ. 1947ರಲ್ಲಿ ಅವರು ಕೀನ್ಯಾಕ್ಕೆ ತೆರಳಿ, 1955ನೆಯ ಏಪ್ರಿಲ್ 19ರಂದು ನ್ಯೇರಿಯಲ್ಲಿ ತೀರಿಕೊಂಡರು. ಹೊಡೆಯಲೇಬೇಕಾದಾಗ ಒಂದೇ ಪೆಟ್ಟಿಗೆ ಮುಗಿಸಬೇಕು, ಇಲ್ಲವಾದರೆ ಕೋವಿಯನ್ನು ಎತ್ತಲೇಬಾರದು. ಅವರ ಬಾಳಿನಿಂದ ನಾವು ಕಲಿಯುವ ಪಾಠ ಇದೇ.