ಸುಸ್ತಿನ ಮೂಲ ಹುಡುಕಿದ ಭೀಮಾವರಂ ಸುಬ್ಬರಾವ್

ಕಿಮೋ ಆಗಿ ವಾರ-ಹತ್ತು ದಿನಕ್ಕೆ ಕೆಲವರಿಗೆ ಜ್ವರ ಬರುತ್ತೆ. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ ಇಳಿದಿರುತ್ತೆ, ಎದ್ದು ಕೂರೋಕೂ ಆಗದಷ್ಟು ಸುಸ್ತು. ಈ ಮೂರಕ್ಕೂ ನಂಟಿರುವ ಒಬ್ಬ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್.

1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದವರು. ಮೆಟ್ರಿಕ್ ಪಾಸಾಗಿದ್ದು ಮೂರನೇ ಸಲಕ್ಕೆ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಗಾಂಧೀಜಿ ಕರೆಗೆ ಓಗೊಟ್ಟು ಖಾದಿ ಗೌನ್ ತೊಟ್ಟರು. ಪ್ರೊಫೆಸರ್ ಸಿಟ್ಟಾದರು, ಎಂಬಿಬಿಎಸ್ ಬದಲು ಕೈಗೆ ಸಿಕ್ಕಿದ್ದು ಎಲ್‌ಎಂಎಸ್. ಅಣ್ಣತಮ್ಮಂದಿರಲ್ಲಿ ಇಬ್ಬರನ್ನು ಸ್ಪ್ರೂ ಎಂಬ ಕರುಳಿನ ಕಾಯಿಲೆ ತಿಂದುಹಾಕಿತ್ತು. ಮಾವನ ಮನೆಯ ದುಡ್ಡಿನ ನೆರವಿನಿಂದ 1923ರಲ್ಲಿ ಬೋಸ್ಟನ್ ಸೇರಿದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿ, ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯೋ ಕೆಲಸ.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನ್, ಎಟಿಪಿ ಕಂಡುಹಿಡಿದರು. ಮೈಗೆ ಶಕ್ತಿ ಅಂತ ನಾವು ಅನ್ನೋದು ಜೀವಕೋಶದಲ್ಲಿ ಚಲಾವಣೆಯಾಗೋದು ಈ ಎಟಿಪಿ ರೂಪದಲ್ಲೇ. ಇಷ್ಟಾದರೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ.

1940ರಲ್ಲಿ ಲೆಡರ್ಲಿ ಔಷಧ ಕಂಪನಿಗೆ ಹೋದರು. ಅಲ್ಲಿ ಅವರ ತಂಡ ಫೋಲಿಕ್ ಆಸಿಡ್ ತಯಾರಿಸಿತು. ಹೊಸ ರಕ್ತಕಣ ಹುಟ್ಟಲು ಅದು ಬೇಕೇ ಬೇಕು, ಸ್ಪ್ರೂ ರೋಗಿಗಳ ರಕ್ತಹೀನತೆಗೂ ಮದ್ದಾಯಿತು. ಆಮೇಲೆ ಅದಕ್ಕೇ ಅಡ್ಡಗಾಲು ಹಾಕುವ ಅಮಿನೊಪ್ಟೆರಿನ್ ಮಾಡಿದರು. ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಅದನ್ನು ಕೊಟ್ಟರು. 10 ಮಕ್ಕಳು ಚೇತರಿಸಿಕೊಂಡರು, ಆದರೆ ಸ್ವಲ್ಪ ಕಾಲ ಮಾತ್ರ. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ.

ಇಂಥ ಮದ್ದಿಗೆ ಕ್ಯಾನ್ಸರ್ ಕಣ ಯಾವುದು, ಮೂಳೆಮಜ್ಜೆಯ ಒಳ್ಳೆ ಕಣ ಯಾವುದು ಅನ್ನೋ ಭೇದ ಅಷ್ಟಾಗಿ ತಿಳಿಯಲ್ಲ. ಕೆಂಪು ಕಣ ಕಮ್ಮಿಯಾದರೆ ಸುಸ್ತು, ಬಿಳಿ ಕಣ ಕಮ್ಮಿಯಾದರೆ ಸೋಂಕು, ಜ್ವರ. ಜ್ವರದ ಜೊತೆ ಹೋರಾಡುವ ಮೈ ಇನ್ನಷ್ಟು ಸೋಲುತ್ತೆ. ಇದು ಸೋಮಾರಿತನ ಅಲ್ಲ, ಮನೆಯವರು ಬೈಯಬಾರದು. ಕಿಮೋ ನಡೀತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಮೆಡಿಕಲ್ ಸ್ಟೋರ್ ಮಾತ್ರೆ ನುಂಗಿ ಮಲಗೋದಲ್ಲ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಬೇಕು. ಅಲ್ಲಿ ಕೊಡೋದು ಆ್ಯಂಟಿಬಯೋಟಿಕ್. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಆ್ಯಂಟಿಬಯೋಟಿಕ್ ಆರಿಯೊಮೈಸಿನ್ ಬಂದಿದ್ದೂ ಸುಬ್ಬರಾವ್ ಮುಖ್ಯಸ್ಥರಾಗಿದ್ದ ಪ್ರಯೋಗಾಲಯದಿಂದಲೇ. ಕಲಬುರಗಿ, ಯಾದಗಿರಿ ಕಡೆ ಆನೆಕಾಲು ರೋಗಕ್ಕೆ ಮನೆಮನೆಗೆ ಹಂಚಿದ ಡಿಇಸಿ ಮಾತ್ರೆಯ ಹಿಂದೆಯೂ ಅವರ ತಂಡವೇ ಇದೆ.

ನೊಬೆಲ್ ಬರಲಿಲ್ಲ. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ, ನಿದ್ದೆಯಲ್ಲೇ ಹೃದಯ ನಿಂತಿತು. ಊರಲ್ಲಿ ಬಿಟ್ಟುಹೋಗಿದ್ದ ಹೆಂಡತಿಯ ಹತ್ತಿರ ಅವರು ವಾಪಸ್ ಬಂದಿರಲೇ ಇಲ್ಲ.