ಗಣಿತಾಚಾರ್ಯ ಮಹಾವೀರ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ವಿಜಯನಗರದಂತಹ ಬಡಾವಣೆಗಳಲ್ಲಿ ಪದವಿ ಮುಗಿಸಿದ ಅನೇಕ ತರುಣ ತರುಣಿಯರು ವ್ಯಾಪಾರ ನಿರ್ವಹಣೆಯ ಉನ್ನತ ವ್ಯಾಸಂಗಕ್ಕಾಗಿ ಪ್ರವೇಶ ಪರೀಕ್ಷೆಗೆ ಸಿದ್ಧರಾಗುವುದುಂಟು. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಮೊದಲಾದ ಸಂಸ್ಥೆಗಳನ್ನು ಸೇರಬಯಸುವವರು ಈ ಪರೀಕ್ಷೆಯನ್ನು ಎದುರಿಸಬೇಕು. ಅಲ್ಲಿ ಕೇಳಲಾಗುವ ಗಣಿತದ ಪ್ರಶ್ನೆಗಳಲ್ಲಿ ಹಲವು ಹೇಳಿಕೆಯ ರೂಪದಲ್ಲಿರುತ್ತವೆ. ಪಾಲುದಾರರು ಲಾಭವನ್ನು ಹಂಚಿಕೊಳ್ಳುವುದು, ಸಾಲಕ್ಕೆ ಬಡ್ಡಿ ಕೂಡುವುದು, ಬೇರೆ ಬೇರೆ ಬೆಲೆಯ ಪದಾರ್ಥಗಳನ್ನು ಬೆರೆಸುವುದು, ಕೊಳವೆಗಳಿಂದ ತೊಟ್ಟಿ ತುಂಬುವುದು ಇವೇ ಅವುಗಳ ವಸ್ತು. ಕೂಡುವ ಕಳೆಯುವ ಕ್ರಮವನ್ನು ಬಲ್ಲವರೂ ಇಂತಹ ಲೆಕ್ಕಗಳ ಮುಂದೆ ತಬ್ಬಿಬ್ಬಾಗುತ್ತಾರೆ. ಏಕೆಂದರೆ ಇಲ್ಲಿ ಕಷ್ಟವಿರುವುದು ಗುಣಾಕಾರ ಭಾಗಾಕಾರಗಳಲ್ಲಿ ಅಲ್ಲ. ಮಾತಿನೊಳಗೆ ಅಡಗಿರುವ ಸಂಬಂಧವನ್ನು ಕಂಡುಹಿಡಿಯುವುದರಲ್ಲಿ. ಈ ವಿದ್ಯೆಯನ್ನು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕ್ರಮಬದ್ಧವಾಗಿ ಬೋಧಿಸಿದ ಮಹನೀಯರೊಬ್ಬರು ಕನ್ನಡ ನಾಡಿನಲ್ಲಿದ್ದರು. ಅವರೇ ಮಹಾವೀರಾಚಾರ್ಯರು.

ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದವರು. ಆಗ ದಕ್ಷಿಣಾಪಥವನ್ನು ಆಳುತ್ತಿದ್ದವರು ರಾಷ್ಟ್ರಕೂಟರು. ಕಾಗಿಣಾ ನದಿಯ ದಡದಲ್ಲಿದ್ದ ಮಾನ್ಯಖೇಟವು ಅವರ ರಾಜಧಾನಿ. ಕಲಬುರಗಿ ಜಿಲ್ಲೆಯ ಮಳಖೇಡ ಗ್ರಾಮವೇ ಅಂದಿನ ಮಾನ್ಯಖೇಟ. 814ರಲ್ಲಿ ಬಾಲಕನಾಗಿ ಪಟ್ಟವೇರಿದ ಅಮೋಘವರ್ಷ ನೃಪತುಂಗನು ಅರುವತ್ತು ವರ್ಷಗಳಿಗೂ ಮಿಕ್ಕಿ ರಾಜ್ಯವಾಳಿದನು. ಅವನು ಯುದ್ಧಕ್ಕಿಂತ ವಿದ್ಯೆಯನ್ನು ಹೆಚ್ಚಾಗಿ ಪ್ರೀತಿಸಿದ ದೊರೆ. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು, ವ್ಯಾಕರಣ ಪಂಡಿತನಾದ ಶಾಕಟಾಯನ, ಕವಿರಾಜಮಾರ್ಗದ ಶ್ರೀವಿಜಯ ಇವರೆಲ್ಲ ಅವನ ಆಶ್ರಯದಲ್ಲಿ ಬೆಳಗಿದರು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ಹುಟ್ಟಿದ ಕಾಲದಲ್ಲಿಯೇ ಭಾರತದ ಒಂದು ಮಹತ್ತ್ವದ ಗಣಿತ ಗ್ರಂಥವೂ ಹುಟ್ಟಿತು. ಸುಮಾರು 850ರಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹವೇ ಆ ಗ್ರಂಥ.

ಗ್ರಂಥದ ಆರಂಭದಲ್ಲಿ ಅವರು ತಮ್ಮ ಆರಾಧ್ಯ ದೈವವಾದ ವರ್ಧಮಾನ ಮಹಾವೀರನನ್ನು ವಂದಿಸಿ, ನೃಪತುಂಗನ ಆಳ್ವಿಕೆಯನ್ನು ಕೊಂಡಾಡಿದ್ದಾರೆ. ಆದರೆ ತಮ್ಮ ತಂದೆ ತಾಯಿಯರ ಹೆಸರನ್ನಾಗಲಿ, ಹುಟ್ಟಿದ ಊರನ್ನಾಗಲಿ ಅವರು ಹೇಳಿಕೊಂಡಿಲ್ಲ. ಹಿಂದಿನ ಆಚಾರ್ಯರ ಜ್ಞಾನವೆಂಬ ಸಮುದ್ರದಿಂದ ಸಾರವನ್ನಷ್ಟೇ ಆರಿಸಿ ತಂದುದಾಗಿ ವಿನಯದಿಂದ ತಿಳಿಸಿದ್ದಾರೆ. ಅವರ ಬಾಳಿನ ಕಥೆ ಅವರ ಕೃತಿಯಲ್ಲಿಯೇ ಇದೆ. ಆ ಕೃತಿಯ ಲೆಕ್ಕಗಳಲ್ಲಿ ಅವರ ಮನಸ್ಸು ಕಾಣುತ್ತದೆ.

ಅವರಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತ ಮೊದಲಾದವರು ಗಣಿತವನ್ನು ಖಗೋಳ ಶಾಸ್ತ್ರದ ಗ್ರಂಥಗಳಲ್ಲಿ ಒಂದು ಭಾಗವಾಗಿ ನಿರೂಪಿಸಿದ್ದರು. ಗ್ರಹಗತಿಯನ್ನು ಎಣಿಸಲು ಗಣಿತವು ಅವರಿಗೆ ಸಾಧನವಾಗಿತ್ತು. ಮಹಾವೀರಾಚಾರ್ಯರು ಗಣಿತವನ್ನು ಆ ಅಧೀನತೆಯಿಂದ ಬಿಡಿಸಿ ಸ್ವತಂತ್ರ ಶಾಸ್ತ್ರವಾಗಿ ನಿಲ್ಲಿಸಿದರು. ಲೌಕಿಕ ವ್ಯವಹಾರವಿರಲಿ, ಧಾರ್ಮಿಕ ಕಾರ್ಯವಿರಲಿ, ಎಲ್ಲದಕ್ಕೂ ಗಣಿತವು ಬೇಕೆಂಬುದು ಅವರ ದೃಢವಾದ ನಂಬಿಕೆ. ಸಂಗೀತ, ನಾಟ್ಯ, ಅಡುಗೆ, ವೈದ್ಯ, ವಾಸ್ತು, ಕಾವ್ಯ ಇವುಗಳಲ್ಲಿಯೂ ಲೆಕ್ಕವೇ ಆಧಾರವೆಂದು ಅವರು ಎಣಿಸಿದರು. ಸಾವಿರಕ್ಕೂ ಹೆಚ್ಚು ಶ್ಲೋಕಗಳುಳ್ಳ ಆ ಗ್ರಂಥದಲ್ಲಿ ಪರಿಭಾಷೆ, ಮೂಲಕ್ರಿಯೆಗಳು, ಭಿನ್ನರಾಶಿ, ತ್ರೈರಾಶಿಕ, ಮಿಶ್ರಕ ವ್ಯವಹಾರ, ಕ್ಷೇತ್ರಗಣಿತ ಮುಂತಾದ ವಿಷಯಗಳು ಕ್ರಮವಾಗಿ ಬರುತ್ತವೆ. ಬಡ್ಡಿ, ಪಾಲುದಾರಿಕೆ, ಚಿನ್ನದ ಬೆರಕೆ ಇವೆಲ್ಲ ಮಿಶ್ರಕ ವ್ಯವಹಾರದಲ್ಲಿ ಸೇರಿವೆ. ಪ್ರತಿಯೊಂದು ಸೂತ್ರದ ಬೆನ್ನಲ್ಲಿಯೇ ಅಭ್ಯಾಸಕ್ಕೆ ಲೆಕ್ಕಗಳಿವೆ. ಆ ಲೆಕ್ಕಗಳಲ್ಲಿ ವರ್ತಕರು, ಹಣ್ಣುಗಳು, ಆನೆಗಳು, ದುಂಬಿಗಳು, ನವಿಲುಗಳು ತುಂಬಿಕೊಂಡಿವೆ.

ಅವರ ಒಂದು ಲೆಕ್ಕವನ್ನು ನೋಡೋಣ. ಮಾವಿನ ಹಣ್ಣಿನ ಒಂದು ರಾಶಿಯಿದೆ. ಅದರಲ್ಲಿ ಆರನೆಯ ಒಂದು ಭಾಗವನ್ನು ರಾಜನು ತೆಗೆದುಕೊಂಡನು. ಉಳಿದುದರಲ್ಲಿ ಐದನೆಯ ಒಂದು ಭಾಗವನ್ನು ರಾಣಿಯು ತೆಗೆದುಕೊಂಡಳು. ಅನಂತರ ಮೂವರು ರಾಜಕುಮಾರರು ಉಳಿದುಳಿದುದರಲ್ಲಿ ಕ್ರಮವಾಗಿ ನಾಲ್ಕನೆಯ ಒಂದು, ಮೂರನೆಯ ಒಂದು ಮತ್ತು ಎರಡನೆಯ ಒಂದು ಭಾಗವನ್ನು ತೆಗೆದುಕೊಂಡರು. ಕೊನೆಗೆ ಉಳಿದ ಮೂರು ಹಣ್ಣುಗಳು ಎಲ್ಲರಿಗಿಂತ ಕಿರಿಯ ಮಗುವಿಗೆ ದೊರೆತವು. ಹಾಗಾದರೆ ರಾಶಿಯಲ್ಲಿದ್ದ ಹಣ್ಣುಗಳೆಷ್ಟು? ಭಿನ್ನರಾಶಿಗಳ ಸಾಲನ್ನು ಕಂಡು ಹೆದರುವ ಅಗತ್ಯವಿಲ್ಲ. ಕೊನೆಯಿಂದ ಹಿಂದಕ್ಕೆ ನಡೆದರೆ ಸಾಕು. ಮೂರನೆಯ ಕುಮಾರನು ಅರ್ಧ ಕೊಂಡೊಯ್ದ ಮೇಲೆ ಮೂರು ಉಳಿಯಿತೆಂದರೆ ಅದಕ್ಕೆ ಮೊದಲು ಆರು ಇದ್ದವು. ಅದಕ್ಕೂ ಹಿಂದೆ ಒಂಬತ್ತು, ಹನ್ನೆರಡು, ಹದಿನೈದು, ಮೊದಲಿಗೆ ಹದಿನೆಂಟು. ಉತ್ತರ ಬಂದ ಮೇಲೆ ಲೆಕ್ಕದ ಸೊಗಸು ತಿಳಿಯುತ್ತದೆ. ಭಾಗಗಳು ಬೇರೆ ಬೇರೆಯಾಗಿ ತೋರಿದರೂ ರಾಜನಿಗೆ ಮೂರು, ರಾಣಿಗೆ ಮೂರು, ಪ್ರತಿಯೊಬ್ಬ ಕುಮಾರನಿಗೂ ಮೂರು, ಕಿರಿಯ ಮಗುವಿಗೂ ಮೂರೇ ಹಣ್ಣುಗಳು ಬಂದಿವೆ.

ಇನ್ನೊಂದು ಲೆಕ್ಕ ಸಂತೆಗೆ ಸಂಬಂಧಿಸಿದುದು. ಒಂಬತ್ತು ಮಾದಲ ಹಣ್ಣುಗಳಿಗೂ ಏಳು ಬೇಲದ ಹಣ್ಣುಗಳಿಗೂ ಸೇರಿ ಬೆಲೆ 107. ಏಳು ಮಾದಲ ಹಣ್ಣುಗಳಿಗೂ ಒಂಬತ್ತು ಬೇಲದ ಹಣ್ಣುಗಳಿಗೂ ಸೇರಿ ಬೆಲೆ 101. ಒಂದೊಂದು ಹಣ್ಣಿನ ಬೆಲೆಯನ್ನು ಬೇರೆಯಾಗಿ ತಿಳಿಸಬೇಕು. ಇಂದಿನ ವಿದ್ಯಾರ್ಥಿಯು ಎರಡು ಅವ್ಯಕ್ತಗಳನ್ನು ಅಕ್ಷರಗಳಿಂದ ಸೂಚಿಸಿ ಎರಡು ಸಮೀಕರಣಗಳನ್ನು ಬರೆಯುತ್ತಾನೆ. ಮಹಾವೀರಾಚಾರ್ಯರು ಇದಕ್ಕೊಂದು ಸೂತ್ರವನ್ನೇ ಕೊಟ್ಟರು. ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿದರೆ 963. ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿದರೆ 707. ಇವುಗಳ ವ್ಯತ್ಯಾಸ 256. ಅದನ್ನು ಒಂಬತ್ತರ ಮತ್ತು ಏಳರ ವರ್ಗಗಳ ವ್ಯತ್ಯಾಸವಾದ 32ರಿಂದ ಭಾಗಿಸಿದರೆ ಮಾದಲ ಹಣ್ಣಿನ ಬೆಲೆ 8 ಎಂದು ತಿಳಿಯುತ್ತದೆ. ಗುಣಕಗಳನ್ನು ಅದಲುಬದಲು ಮಾಡಿದರೆ ಬೇಲದ ಹಣ್ಣಿನ ಬೆಲೆ 5 ಎಂದು ಬರುತ್ತದೆ.

ಮೂವರು ವರ್ತಕರ ಲೆಕ್ಕವು ಇನ್ನೂ ಸ್ವಾರಸ್ಯವಾದುದು. ದಾರಿಯಲ್ಲಿ ಬಿದ್ದಿದ್ದ ಹಣದ ಚೀಲವನ್ನು ಅವರು ಕಂಡರು. ಅದು ತನಗೆ ದೊರೆತರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನದಾಗುವುದೆಂದು ಮೊದಲನೆಯವನು ಎಣಿಸಿದನು. ಮೂರರಷ್ಟಾಗುವುದೆಂದು ಎರಡನೆಯವನು, ಐದರಷ್ಟಾಗುವುದೆಂದು ಮೂರನೆಯವನು ಎಣಿಸಿದರು. ಚೀಲದ ಹಣವೂ ಮೂವರ ಹಣವೂ ಕೂಡಿದ ಮೊತ್ತವನ್ನು ಗಮನಿಸಿದರೆ ದಾರಿ ತೆರೆಯುತ್ತದೆ. ಕೊನೆಯ ಇಬ್ಬರ ಹಣವು ಆ ಮೊತ್ತದ ಮೂರನೆಯ ಒಂದು ಭಾಗ. ಮೊದಲನೆಯ ಮತ್ತು ಮೂರನೆಯವರದು ನಾಲ್ಕನೆಯ ಒಂದು ಭಾಗ. ಮೊದಲಿನ ಇಬ್ಬರದು ಆರನೆಯ ಒಂದು ಭಾಗ. ಮೊತ್ತವು 24 ಎಂದಿಟ್ಟುಕೊಂಡರೆ ಈ ಜೋಡಿಗಳ ಹಣ ಕ್ರಮವಾಗಿ 8, 6 ಮತ್ತು 4 ಆಗುತ್ತದೆ. ಅದರಿಂದ ವರ್ತಕರಲ್ಲಿದ್ದ ಹಣ 1, 3 ಮತ್ತು 5 ಎಂದೂ ಚೀಲದಲ್ಲಿದ್ದ ಹಣ 15 ಎಂದೂ ದೊರೆಯುತ್ತದೆ. ಪೂರ್ಣಾಂಕಗಳಲ್ಲಿ ಇದೇ ಅತಿ ಚಿಕ್ಕ ಉತ್ತರ.

ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆಯಬಹುದೆಂಬುದಕ್ಕೂ ಅವರು ಸಾಮಾನ್ಯ ಸೂತ್ರವನ್ನು ನೀಡಿದರು. ಷಡ್ರಸಗಳನ್ನು ಬೆರೆಸುವ ಬಗೆಗಳನ್ನು ಎಣಿಸುವುದು ಅದಕ್ಕೆ ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು. ಋಣ ಸಂಖ್ಯೆಯು ಯಾವುದರ ವರ್ಗವೂ ಅಲ್ಲದ ಕಾರಣ ಅದಕ್ಕೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ಸಾರಿದರು. ಅಂತಹ ಮೂಲಗಳಿಗೂ ಗಣಿತದಲ್ಲಿ ಒಂದು ಸ್ಥಾನವನ್ನು ಕಲ್ಪಿಸುವ ಪ್ರಯತ್ನ ಇಟಲಿಯಲ್ಲಿ ಆರಂಭವಾದುದು ಹದಿನಾರನೆಯ ಶತಮಾನದಲ್ಲಿ.

ಇಷ್ಟು ದೊಡ್ಡ ಪಂಡಿತರೂ ಒಂದೆಡೆ ಎಡವಿದರು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆಯು ಬದಲಾಗದೆ ಉಳಿಯುವುದೆಂದು ಅವರು ತಿಳಿದರು. ಇದು ಸರಿಯಲ್ಲ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು ಅಂತಹ ರಾಶಿಯನ್ನು ಅನಂತವೆಂದು ಭಾವಿಸಿದರು. ಸೊನ್ನೆಯಿಂದ ಭಾಗಿಸುವ ಕ್ರಿಯೆಗೆ ಅರ್ಥವೇ ಇಲ್ಲವೆಂಬುದು ಆಧುನಿಕ ಗಣಿತದ ನಿಲುವು. ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತ ನಡೆದುದರಿಂದಲೇ ಶಾಸ್ತ್ರವು ಬೆಳೆಯಿತು. ತಪ್ಪಿದ್ದ ಮಾತ್ರಕ್ಕೆ ಆಚಾರ್ಯರ ಹಿರಿಮೆ ಕುಗ್ಗಲಿಲ್ಲ.

ಗಣಿತಸಾರಸಂಗ್ರಹವು ದಕ್ಷಿಣ ಭಾರತದಲ್ಲಿ ಬಹುಕಾಲ ಪಠ್ಯವಾಗಿ ಉಳಿಯಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವೇ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದು ಈ ವಿದ್ಯೆಯನ್ನು ನಾಡಿನ ಜನರಿಗೆ ತಲುಪಿಸಿದನು. ಕನ್ನಡ ಲಿಪಿಯ ತಾಳೆಗರಿಗಳಲ್ಲಿಯೂ ಉಳಿದುಬಂದ ಆಚಾರ್ಯರ ಕೃತಿಯನ್ನು ಎಂ. ರಂಗಾಚಾರ್ಯರು ಶೋಧಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಆಗ ಹೊರದೇಶಗಳ ವಿದ್ವಾಂಸರಿಗೂ ಮಹಾವೀರಾಚಾರ್ಯರ ಹೆಸರು ಪರಿಚಿತವಾಯಿತು. 2000ದಲ್ಲಿ ಪ್ರೊಫೆಸರ್ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಹೊರಬಂದಿತು.

ಮಾನ್ಯಖೇಟದ ಅರಮನೆಗಳು ನೆಲಸಮವಾದವು; ರಾಷ್ಟ್ರಕೂಟರ ಸಾಮ್ರಾಜ್ಯವೂ ಅಳಿಯಿತು. ಆದರೆ ಮಾವಿನ ರಾಶಿಯೂ ವರ್ತಕರ ಚೀಲವೂ ಉಳಿದುಕೊಂಡವು. ಇಂದು ವಿಜಯನಗರದ ಮನೆಯೊಂದರಲ್ಲಿ ಪರೀಕ್ಷೆಗಾಗಿ ಓದುವ ತರುಣಿಯು ಲೆಕ್ಕದ ಹೇಳಿಕೆಯನ್ನು ನಿಧಾನವಾಗಿ ಓದಿ, ತಿಳಿದುದು ಯಾವುದು, ತಿಳಿಯಬೇಕಾದುದು ಯಾವುದು ಎಂದು ವಿಂಗಡಿಸಿ, ಅವುಗಳ ನಡುವಣ ಸಂಬಂಧವನ್ನು ಸಮೀಕರಣವಾಗಿ ಬರೆಯುವಾಗ, ಆಕೆ ಮಹಾವೀರಾಚಾರ್ಯರು ತೋರಿದ ದಾರಿಯಲ್ಲಿಯೇ ನಡೆಯುತ್ತಾಳೆ. ಗಣಿತವು ಕೆಲವೇ ಪಂಡಿತರ ಸೊತ್ತಲ್ಲ, ಬದುಕುವ ಎಲ್ಲರಿಗೂ ಸೇರಿದುದು ಎಂಬ ಅವರ ನಂಬಿಕೆಯು ಆ ಲೆಕ್ಕಗಳಲ್ಲಿ ಇಂದಿಗೂ ಜೀವಂತವಾಗಿದೆ.